ಅಧ್ಯಕ್ಷರ ಬಲಗೈ

ನಮ್ಮೂರ ಸರ್ಕಾರಿ ಶಾಲೆಯ ಮೇಲೆ ಆಕಾಶ ಕಳಚಿ ಬೀಳದಂತೆ ಒಂಬತ್ತು ವರ್ಷ ಈ ಬಲಗೈಯೊಂದರಲ್ಲೇ ತಡೆದು ನಿಂತವನು ನಾನು. ನಗಬೇಡಿ. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಮೋಡಗಳು ಕೆಳಗಿಳಿದು ಬಂದಾಗ ನನ್ನ ಅಂಗೈಗೆ ಕಚಗುಳಿಯಾಗುತ್ತಿತ್ತು. ಒಮ್ಮೆ ಸಿಡಿಲೊಂದು ಬಂದು ನನ್ನ ಕೈ ಕುಲುಕಿ, "ಅಧ್ಯಕ್ಷರು ಆರಾಮೇನು?" ಎಂದು ವಿಚಾರಿಸಿ ಹೋಗಿದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಗುಬ್ಬಿಯೊಂದು ಗೂಡು ಕಟ್ಟಿ ಮೂರು ಸಲ ಮರಿ ಮಾಡಿತು. ಮೂರನೆಯ ಸಲದ ಮರಿಗಳಿಗೆ ನಾನೇ ಶಾಲೆಯಲ್ಲಿ ಹೆಸರು ಹಚ್ಚಿಸಿ ಒಂದನೇ ತರಗತಿಗೆ ಕೂರಿಸಿದೆ. ಅಕ್ಷರ ಚೆನ್ನಾಗಿಯೇ ಬರೆಯುತ್ತಿದ್ದವು. ಗಣಿತದಲ್ಲಿ ಮಾತ್ರ ತುಸು ಹಿಂದೆ.

ನನ್ನ ಹೆಸರು ಈರಬಸಪ್ಪ. ಮೈಕ್‌ಸೆಟ್ ಈರಬಸಪ್ಪ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಮದುವೆ, ಜಾತಿಸಭೆ, ಸತ್ತವರ ಮನೆಯ ಭಜನೆ, ಎಲ್ಲಕ್ಕೂ ನನ್ನ ಹಾರ್ನುಗಳೇ ಕೂಗಬೇಕು. ಅದರ ಜೊತೆಗೆ ನಾನು ಶಾಲಾ ಸಮಿತಿಯ ಅಧ್ಯಕ್ಷ. ಮೈಕಿದ್ದವನಿಗೆ ಅಧ್ಯಕ್ಷಗಿರಿ ತಾನಾಗಿಯೇ ಬರುತ್ತದೆ.

ನಮ್ಮೂರಲ್ಲಿ ಸಮಿತಿಯ ಸಭೆಯೊಳಗೆ ಒಂದು ಕೆಲಸಕ್ಕೆಂದು ಎತ್ತಿದ ಕೈ, ಆ ಕೆಲಸ ಮುಗಿಯುವವರೆಗೆ ಇಳಿಯುವುದಿಲ್ಲ. ಯಾಕೆ ಎಂದು ನೀವು ಕೇಳಿದರೆ, ನಿಮ್ಮೂರಲ್ಲಿ ಯಾಕೆ ಇಳಿಯುತ್ತದೆ ಎಂದು ನಾನು ಕೇಳಬೇಕಾಗುತ್ತದೆ. ಕೈ ಕಿವಿ ದಾಟಿ ಮೇಲೆ ಹೋಯಿತೋ, ಅಲ್ಲೇ ನಿಂತಿತು. ಎಳೆದರೂ ಬಾರದು, ಜೋತುಬಿದ್ದರೂ ಬಗ್ಗದು. ರಕ್ತವೆಲ್ಲ ಇಳಿದು ಮಣ್ಣಿನ ಮಡಕೆಯಂತೆ ತಣ್ಣಗಾಗುತ್ತದೆ. ಮನೆಯವರು ಎಣ್ಣೆ ಕಾಸಿ ತಿಕ್ಕಿದರೂ ಆ ತಣುಪು ಹೋಗುವುದಿಲ್ಲ. ಹಾಗಾಗಿ ನಮ್ಮೂರ ಬಾಗಿಲುಗಳ ಮೇಲೆ ಒಂದು ಗೇಣು ಸಂದು ಬಿಟ್ಟಿರುತ್ತಾರೆ. ಬಸ್ಸಿನಲ್ಲಿ ಕೈಯೆತ್ತಿದವರಿಗೆ ನಡುವಿನ ಸಾಲು. ಟೇಲರ್ ದಾವಲಸಾಬನ ಅಂಗಡಿಯಲ್ಲಿ ಒಂದು ಬಗಲು ಬಿಚ್ಚಿ ಗುಂಡಿ ಹಾಕುವ ಅಂಗಿ ಯಾವಾಗಲೂ ತಯಾರು.

ಸಭೆ ಯಾವುದು, ಸಭೆಯಲ್ಲದ್ದು ಯಾವುದು ಎನ್ನುವುದಕ್ಕೆ ಒಂದೇ ಗುರುತು. ಅಧ್ಯಕ್ಷ "ಸಭೆ ಶುರು" ಎನ್ನಬೇಕು, ಕೊನೆಗೆ "ಸಭೆ ಮುಗೀತು" ಎನ್ನಬೇಕು. ಆ ಎರಡು ಮಾತಿನ ನಡುವೆ ಯಾರೂ ನೊಣ ಕೂಡ ಹೊಡೆಯುವುದಿಲ್ಲ. ಗಿರಣಿ ಮುದಕಪ್ಪ ಒಮ್ಮೆ ನೀರಿನ ಟಾಕಿಯ ಮಾತು ನಡೆದಾಗ ಆಕಳಿಸಿ ಮೈಮುರಿದ. ಎರಡೂ ಕೈ ಮೇಲೆ ನಿಂತವು. ಸುಗ್ಗಿ ಕಳೆಯುವವರೆಗೂ ಅವನಿಗೆ ಹೆಂಡತಿಯೇ ತುತ್ತು ಮಾಡಿ ತಿನ್ನಿಸಿದಳು. ಕೊನೆಗೆ ಅವನೇ ಬಾಯಿ ಬಡಿದುಕೊಳ್ಳುತ್ತ ಓಡಾಡಿ ಟಾಕಿ ಕಟ್ಟಿಸಿದ. ಬಡಿದುಕೊಳ್ಳಲು ಕೈ ಇರಲಿಲ್ಲ, ಅದನ್ನು ಹೆಂಡತಿ ಮಾಡಿದಳು. ಅಂದಿನಿಂದ ಸಮಿತಿಯವರು ಸಭೆಗೆ ಬಂದರೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡೇ ಕೂರುವುದು. ಶಾಲೆಯ ಯಾವ ಕೆಲಸವೂ ಆಗುತ್ತಿರಲಿಲ್ಲ. ಆಗ ಇಲಾಖೆಯವರು ಇವರಿಗೆ ನಾಯಕತ್ವ ಕಲಿಸಬೇಕೆಂದು ಎರಡು ದಿನದ ತರಬೇತಿ ಹಾಕಿದರು.

ಆ ತರಬೇತಿಗೆ ನಾಲ್ಕು ಸಾವಿರ ಮಂದಿ ಬಂದಿದ್ದರು ಎಂದರೆ ಕಡಿಮೆಯೇ. ನನಗೆ ನೂರಕ್ಕೆ ನೂರಾ ಹದಿನಾಲ್ಕು ಅಂಕ ಬಿದ್ದವು. ಕಲಿಸಲು ಬಂದವರು ಕಲ್ಲೋಳಿಕರ ಸಾಹೇಬರು. ಅಂಥವರನ್ನು ಸಂಪನ್ಮೂಲ ವ್ಯಕ್ತಿ ಎನ್ನುತ್ತಾರೆ. ಎಲ್ಲರಿಗೂ ಒಂದು ಚೀಲ, ಒಂದು ಪೆನ್ನು, ಹತ್ತೂವರೆಗೆ ಉಪ್ಪಿಟ್ಟು. ಗೋಡೆಗೆ ಹಾಳೆ ಅಂಟಿಸಿ ಸಾಹೇಬರು ಕೇಳಿದರು:

"ನಾಯಕ ಅಂದ್ರ ಯಾರು? ಒಬ್ಬೊಬ್ಬರ ಹೇಳ್ರಿ."

"ಮುಂದ ನಡಿಯಾಂವ," ಎಂದ ದಾವಲಸಾಬ.

"ದನಿ ದೊಡ್ಡದಿದ್ದಾಂವ," ಎಂದೆ ನಾನು.

ನಮ್ಮ ಸಮಿತಿಯ ಒಬ್ಬಳೇ ಹೆಣ್ಣುಮಗಳು ಹುಲಿಗೆಮ್ಮ. ಗಂಡ ಇಲ್ಲ; ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಹಾಕಿ ಬದುಕುವವಳು. ಅವಳ ಒಬ್ಬಳೇ ಮಗಳು ನೀಲವ್ವ ನಾಲ್ಕನೇ ತರಗತಿಯಲ್ಲಿದ್ದಳು. ಹುಲಿಗೆಮ್ಮ, "ಪಂಕ್ತ್ಯಾಗ ಕಡೀಗೆ ಉಣ್ಣಾಂವ್ರಿ," ಎಂದಳು.

"ಹಂಗಾರ ಅಂವಾ ನಾಯಕ ಅಲ್ಲ ಯವ್ವಾ, ಉಪವಾಸ ಬೀಳಾಂವ," ಎಂದು ನಾನು ಅಂದದ್ದಕ್ಕೆ ನಾಲ್ಕು ಸಾವಿರ ಮಂದಿಯೂ ನಕ್ಕರು. ಹುಲಿಗೆಮ್ಮನೂ ನಕ್ಕಳು.

ಮಧ್ಯಾಹ್ನ ಒಂದು ಆಟ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ಇನ್ನೊಬ್ಬರು ನಡೆಸಬೇಕು. ನಂಬಿಕೆ ಬೆಳೆಯಲಿ ಎಂದು. ಹುಲಿಗೆಮ್ಮ ನನ್ನನ್ನು ಅಂಗಳದ ಸುತ್ತ ತಿರುಗಿಸಿ ತಂದು ನೆರಳಲ್ಲಿ ಕೂರಿಸಿದಳು. ನಾನು ಅವಳನ್ನು ನಡೆಸಿದಾಗ ಅವಳ ಹಣೆ ಬೋರಿನ ಪಂಪಿಗೆ ಬಡಿದು ಬುಗುಟಿ ಎದ್ದಿತು. ನಡುದಾರಿಯಲ್ಲಿ ನಿಂತದ್ದು ಪಂಪಿನ ತಪ್ಪು.

ಸಾಹೇಬರು ನಿಜಕ್ಕೂ ಕಲಿಸಿದ್ದು ಎರಡನೆಯ ದಿನ. "ಕೈ ಖಾಲಿ ಇಟಗೊಂಡಾಂವ ಜಾಣ ನಾಯಕ," ಎಂದರು. ಗೋಡೆ ಕಟ್ಟುವುದು ಎಂದು ಠರಾವು ಮಾಡಬೇಡಿ. ಗೋಡೆಯನ್ನು ನೋಡುವುದು ಎಂದು ಮಾಡಿ. ಎಲ್ಲರೂ ಹೋಗಿ ನೋಡಿದಿರಿ, ಕೈ ಇಳಿಯಿತು, ಕೆಲಸವೂ ಆಯಿತು. ನಮಗೆ ಕಣ್ಣು ತೆರೆದಂತಾಯಿತು. ಮರುತಿಂಗಳಿನಿಂದ ನಮ್ಮಷ್ಟು ಕೆಲಸ ಮಾಡಿದ ಸಮಿತಿ ಭೂಮಿಯ ಮೇಲಿಲ್ಲ. ಕುಡಿಯುವ ನೀರನ್ನು ಪರಿಶೀಲಿಸಿದೆವು. ಮುರಿದ ಬೆಂಚುಗಳನ್ನು ಗಮನಕ್ಕೆ ತಂದುಕೊಂಡೆವು. ಪಾಯಖಾನೆಯ ಬಾಗಿಲಿನ ಕುರಿತು ಚಿಂತಿಸಿದೆವು. ಪ್ರತಿಸಲವೂ ಸಮಿತಿಯ ಐವರ ಕೈಗಳೂ ಠೀವಿಯಿಂದ ಮೇಲೆದ್ದು ಠೀವಿಯಿಂದ ಇಳಿದವು. ಹೆಡ್‌ಮಾಸ್ತರರು ಚಪ್ಪಾಳೆ ತಟ್ಟಿದರು.

ಅದೇ ಎರಡನೆಯ ದಿನ ಚಹಾದ ಹೊತ್ತಿಗೆ ಸಾಹೇಬರು ನನ್ನೊಬ್ಬನನ್ನೇ ಬದಿಗೆ ಕರೆದು, "ಅಧ್ಯಕ್ಷರ, ನಿಮ್ಮ ಆಯುಧ ಕೈ ಅಲ್ಲ, ಬಾಯಿ. ಯಾವಾಗ ಶುರು, ಯಾವಾಗ ಮುಗೀತು ಅನ್ನೂದು ನಿಮ್ಮ ಬಾಯಾಗ ಐತಿ, ನೆನಪಿಡ್ರಿ," ಎಂದಿದ್ದರು. ನನಗೆ ಆಗ ಅರ್ಥವಾಗಲಿಲ್ಲ. ಚಹಾ ಬಹಳ ಚೆನ್ನಾಗಿತ್ತು.

ನಾಲ್ಕನೇ ತರಗತಿಯ ಕೋಣೆಗೆ ಹಳೆಯ ಮಣ್ಣಿನ ಮಾಳಿಗೆ. ನಡುವಿನ ತೊಲೆಗೆ ಗೆದ್ದಲು ಹತ್ತಿತ್ತು. ಮಕ್ಕಳ ಪಾಟಿಯ ಮೇಲೆ ಮಣ್ಣು ಉದುರುತ್ತಿತ್ತು. ಅಳಿಸಿ ಬರೆಯುವಷ್ಟರಲ್ಲಿ ಮತ್ತೆ ಉದುರುತ್ತಿತ್ತು. ಆ ಮಾಳಿಗೆಯನ್ನು ನಾವು ಎಷ್ಟೋ ಸಲ ನೋಡಿದ್ದೆವು. ಒಂದು ಸಭೆಯಲ್ಲಿ ಹುಲಿಗೆಮ್ಮ ತೊಡೆಯ ಕೆಳಗಿನ ಕೈ ಹೊರಗೆ ತೆಗೆದಳು.

"ನೋಡಿದ್ದು ಸಾಕ್ರಿ ಅಧ್ಯಕ್ಷರ. ಈ ಸಲ 'ನಾಕನೇತ್ತೆ ಹುಡುಗರ ತಲಿಮ್ಯಾಗ ಗಟ್ಟಿ ಮಾಳಗಿ ಹಾಕಸೂದು' ಅಂತ ಬರಸ್ರಿ."

"ಯವ್ವಾ, ಅದು ಯಾವಾಗ ಆಗಬೇಕು! ಒಂದ ಕೈಲೆ ರೊಟ್ಟಿ ಹೆಂಗ ಬಡೀತಿ?" ಎಂದ ಮುದಕಪ್ಪ. ಅವನ ಪಕ್ಕದ ಹಾಲಿನ ತಿಪ್ಪಣ್ಣ ಬಾಗಿಲ ಕಡೆ ನೋಡಿದ.

ಮುಂದಿನದನ್ನು ಇಡೀ ಊರು ಬಲ್ಲದು. ಅವಳು ಮಾತು ಮುಗಿಸುವ ಮೊದಲೇ ನನ್ನ ಬಲಗೈ ಬಾಣದಂತೆ ಮೇಲೆ ಚಿಮ್ಮಿತು. ಆ ಗಾಳಿಗೆ ಹೆಡ್‌ಮಾಸ್ತರರ ಟೋಪಿ ಹಾರಿ ಪಕ್ಕದೂರಿನಲ್ಲಿ ಬಿತ್ತು. ನನ್ನನ್ನು ನೋಡಿ ಹುಲಿಗೆಮ್ಮ ಎತ್ತಿದಳು. ನಮ್ಮಿಬ್ಬರನ್ನು ನೋಡಿ ದಾವಲಸಾಬ, ಮುದಕಪ್ಪ, ತಿಪ್ಪಣ್ಣ, ಮೂವರೂ ಎತ್ತಿದರು. ಆಮೇಲೆ ಊರಿನಲ್ಲಿ ಹಿಂದೆಂದೂ ಆಗದ್ದು ಆಯಿತು. ಆ ಮೂವರ ಕೈಗಳು ಮೆಲ್ಲಗೆ ತಾವಾಗಿಯೇ ಇಳಿದವು.

ದಾವಲಸಾಬ ತನ್ನ ಕೈಯನ್ನು ಬೇರೆಯವರ ಕೈ ಎಂಬಂತೆ ತಿರುಗಿಸಿ ನೋಡಿದ. ಮತ್ತೊಮ್ಮೆ ಎತ್ತಿದ, ಮತ್ತೆ ಇಳಿಯಿತು. "ಈರಬಸಣ್ಣ, ನನ್ನ ಕೈಯಾಗ ಏನ್ ಕಡಿಮಿ ಬಿತ್ತೋ?"

ಇಂಥ ಹೊತ್ತಿನಲ್ಲಿ ನನ್ನ ನಾಲಗೆಗೆ ಸರಸ್ವತಿಯೇ ಬರುತ್ತಾಳೆ. "ಕೈ ಎತ್ತಿದ್ರ ಸಾಲದು ದಾವಲಣ್ಣ, ಮನಸ್ಸೂ ಎತ್ತಬೇಕು," ಎಂದೆ.

ಆ ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಹೆಣ್ಣುಮಕ್ಕಳು ನೀರಿನ ಸಾಲಿನಲ್ಲಿ ಅದನ್ನೇ ಆಡಿಕೊಂಡರು. ಮುದಕಪ್ಪನ ಗಿರಣಿಗೆ ಬಂದವರು ಕಾಳು ಸುರಿಯುತ್ತ, "ಮನಸಿಟ್ಟು ಬೀಸೋ ಮಾರಾಯ," ಎಂದರು. ತಿಪ್ಪಣ್ಣ ಹಾಲಿಗೆ ನೀರು ಹಾಕುತ್ತಾನೆಂಬುದು ಮೊದಲಿನಿಂದಲೂ ಗೊತ್ತಿತ್ತು. ಈಗ ಅದಕ್ಕೊಂದು ಕಾರಣವೂ ಸಿಕ್ಕಿತು. ದಾವಲಸಾಬನನ್ನು ಯಾರೂ ಏನೂ ಅನ್ನಲಿಲ್ಲ. ಅವನೇ ತನಗೆ ಅಂದುಕೊಂಡ. ಮಸೀದಿಯಲ್ಲಿ ದುವಾಕ್ಕೆ ಕೈ ಎತ್ತಲು ನಾಚಿಕೆಯಾಗುತ್ತದೆ ಎಂದು ಒಮ್ಮೆ ನನ್ನ ಹತ್ತಿರ ಹೇಳಿದ. ನನ್ನ ಬಗಲುಬಿಚ್ಚಿದ ಅಂಗಿಗಳನ್ನೆಲ್ಲ ಆಮೇಲೆ ಅವನು ಪುಕ್ಕಟೆ ಹೊಲಿದುಕೊಟ್ಟ.

ಐವರಲ್ಲಿ ಮೂರು ಕೈ ನಿಲ್ಲದಿದ್ದರೆ ಠರಾವು ಪಾಸಾಗುವುದಿಲ್ಲ. ಹಾಗಾಗಿ ಮಾಳಿಗೆಯ ಕಾಗದ ಎಲ್ಲಿಗೂ ಹೋಗಲಿಲ್ಲ. ಆದರೆ ಊರಿನವರು ನಿಶ್ಚಿಂತೆಯಿಂದಿದ್ದರು. ಅಧ್ಯಕ್ಷರ ಕೈಯೇ ಮೇಲಿದೆ; ತನ್ನ ಕೈ ಇಳಿಯಬೇಕೆಂದಾದರೂ ಅವನು ಮಾಡಿಸದೆ ಬಿಟ್ಟಾನೆಯೇ? ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೆಂದಿದ್ದ ಒಂದಿಬ್ಬರೂ ನನ್ನ ಕೈ ನೋಡಿ ಕಳಿಸತೊಡಗಿದರು.

ಹುಲಿಗೆಮ್ಮನ ಮನೆಯ ಮುಂದೆ ಹಾದಾಗ ಕಾಣುತ್ತಿತ್ತು: ಹಿಟ್ಟಿನ ಮುಂದೆ ತಾಯಿ, ಮಗಳು ಒತ್ತಿ ಕೂತಿರುತ್ತಿದ್ದರು. ತಾಯಿಯ ಎಡಗೈ, ಮಗಳ ಬಲಗೈ, ನಡುವೆ ರೊಟ್ಟಿ ತಿರುಗುತ್ತಿತ್ತು. ಮೊದಮೊದಲು ಹರಿದು ಹೋಗುತ್ತಿತ್ತಂತೆ. ಆಮೇಲೆ ಎರಡೂ ಕೈಗೆ ತಾಳ ಕೂಡಿತು. ನೀಲವ್ವ ಶಾಲೆಗೆ ತಡವಾಗಿ, ಬೆರಳಿನಲ್ಲಿ ಹಿಟ್ಟು ಇಟ್ಟುಕೊಂಡೇ ಬರುತ್ತಿದ್ದಳು. ಮಾಸ್ತರರು ಬೈದರೆ, "ನಮ್ಮವ್ವನ ಕೈ ನಿಮ್ಮ ಮಾಳಗಿ ಹಿಡಿದೈತ್ರೀ, ಅದಕ್ಕ ಲೇಟು," ಎನ್ನುತ್ತಿದ್ದಳು.

ಮಾಳಿಗೆ ಬಿದ್ದ ದಿನ ಮಳೆ ಇರಲಿಲ್ಲ, ಗಾಳಿ ಇರಲಿಲ್ಲ. ಮಕ್ಕಳೆಲ್ಲ ಬಿಸಿಯೂಟಕ್ಕೆ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದರು. ನೀಲವ್ವ ತಾಟನ್ನು ಕೋಣೆಯಲ್ಲೇ ಮರೆತು ಬಂದಿದ್ದಳು. ತರಲು ಒಳಗೆ ಹೋದಳು. ಅಷ್ಟೇ. ಧೂಳು ಇಳಿಯುವವರೆಗೆ ಯಾರಿಗೂ ಯಾರು ಒಳಗಿದ್ದಾರೆ ಎಂದು ಗೊತ್ತಾಗಲಿಲ್ಲ. ಸಾಂಬಾರು ಬಡಿಸುತ್ತಿದ್ದ ಅಡುಗೆಯಮ್ಮ ತಾಟುಗಳನ್ನು ಎಣಿಸದೆ ಮುಖಗಳನ್ನು ನೋಡುತ್ತ ಹೋಗಿ, ಒಂದು ಖಾಲಿ ಜಾಗದ ಮುಂದೆ ಸೌಟು ಹಿಡಿದು ನಿಂತುಬಿಟ್ಟಳು.

ಹುಲಿಗೆಮ್ಮ ಒಂದೇ ಕೈಯಿಂದ ಮಣ್ಣು ತೋಡಿದಳು. ಇನ್ನೊಂದು ಮೇಲೆಯೇ ಇತ್ತು. ಈ ಜಾಗದಲ್ಲಿ ನನಗೆ ಉತ್ಪ್ರೇಕ್ಷೆ ಬರುವುದಿಲ್ಲ. ಬಂದಿದ್ದರೆ ಹೇಳುತ್ತಿದ್ದೆ.

ಆ ದಿನ ಊರಿನವರು ಹೆಡ್‌ಮಾಸ್ತರರನ್ನು ಬೈದರು. ಅವರು ವರ್ಗ ಮಾಡಿಸಿಕೊಂಡು ಹೋದರು. ಮುದಕಪ್ಪನ ಗಿರಣಿಗೆ ಕಲ್ಲು ಬಿದ್ದವು. ತಿಪ್ಪಣ್ಣ ಎಮ್ಮೆ ಮಾರಿ ಊರು ಬಿಟ್ಟ. ನನ್ನ ಹತ್ತಿರ ಬಂದವರು ನನ್ನ ಕೈಯನ್ನು ನೋಡಿ, "ನೀವಾದ್ರೂ ಎತ್ತಿದ್ರಿ," ಎಂದು ಕಣ್ಣೊರಸಿಕೊಂಡು ಹೋದರು.

ಆಮೇಲಿನ ಒಂಬತ್ತು ವರ್ಷಗಳಲ್ಲಿ ಹೊಸ ಶಾಲೆಯನ್ನು ತಂದವನು ನಾನೇ. ಮಂತ್ರಿಗಳ ಬಾಗಿಲು ಬಡಿದೆ, ದಿಲ್ಲಿಯಲ್ಲಿ ನನ್ನ ಕೈ ನೋಡಿ ವಿಮಾನಗಳು ಪಕ್ಕಕ್ಕೆ ಸರಿದವು. ಹುಲಿಗೆಮ್ಮನೂ ತನ್ನ ಪಾಡಿಗೆ ಓಡಾಡಿದಳೆನ್ನಿ. ಅವಳು ಯಾವ ಕಚೇರಿಗೆ ಹೋಗಿ ನಿಂತರೂ, ಕೈ ಮೇಲಿರುವುದನ್ನು ಕಂಡು ಗುಮಾಸ್ತರು, "ಏನವಾ, ಏನ್ ಕೇಳೂದೈತಿ?" ಎಂದು ತಾವೇ ಕೇಳುತ್ತಿದ್ದರು, ತರಗತಿಯಲ್ಲಿ ಮಗುವನ್ನು ಕೇಳುವಂತೆ. ಅವಳು ಹೇಳುತ್ತಿದ್ದಳು. ಅವರು ನಾಳೆ ಬಾ ಎನ್ನುತ್ತಿದ್ದರು. ನಾಳೆ ಮತ್ತೆ ಕೈ ಎತ್ತಿಕೊಂಡೇ ಬಂದವಳನ್ನು ಏನು ಕೇಳುವುದಿದೆ ಎಂದು ಮತ್ತೆ ಕೇಳಲೇಬೇಕಾಗುತ್ತಿತ್ತು. ರೊಟ್ಟಿಯ ಕೆಲಸ ನಿಂತೇ ಹೋಗಿತ್ತು. ಯಾರದೋ ಮನೆಯ ಪಾತ್ರೆ ತಿಕ್ಕುತ್ತಿದ್ದಳು. ದಾವಲಸಾಬ ಅಂಗಡಿ ಮುಚ್ಚಿ ಅವಳ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದ. "ನನ್ನ ಕೈಯಂತೂ ನಿಲ್ಲಲಿಲ್ಲ, ಕಾಲಾದರೂ ಬರಲಿ," ಎನ್ನುತ್ತಿದ್ದ.

ಹಾಗೆ ಈ ಬೇಸಿಗೆಗೆ ಆರ್‌ಸಿಸಿ ಕೋಣೆಗಳು ಎದ್ದು ನಿಂತವು. ಉದ್ಘಾಟನೆಯ ದಿನ ನಾಲ್ಕು ಹಾರ್ನು ನನ್ನವೇ. ಎಡಗೈಯಲ್ಲಿ ಮೈಕು, ಬಲಗೈ ಆಕಾಶಕ್ಕೆ, ನಾನು ನಾಯಕತ್ವದ ಬಗ್ಗೆ ಮಾತಾಡುತ್ತಿದ್ದೆ. ನಾಲ್ಕನೇ ತರಗತಿಯ ಮಾಳಿಗೆಯ ಮೇಲೆ ಗೌಂಡಿಯೊಬ್ಬ ನೀರು ಹೋಗುವ ಕೊಳವೆಯ ಸುತ್ತ ಕಡೆಯ ಕರಣೆ ಸಿಮೆಂಟು ಮೆತ್ತುತ್ತಿದ್ದ. "ತ್ಯಾಗ ಅಂದ್ರೇನ್ರಿ, ಈ ಕೈ ನೋಡ್ರಿ!" ಎಂದು ನಾನು ಕಣ್ಣು ಮುಚ್ಚಿ ಗುಡುಗಿದೆ. ಚಪ್ಪಾಳೆ ಬರಬೇಕಿತ್ತು. ಬರಲಿಲ್ಲ. ಕಣ್ಣು ಬಿಟ್ಟರೆ ಜನವೆಲ್ಲ ಹುಲಿಗೆಮ್ಮನ ಕಡೆ ತಿರುಗಿತ್ತು.

ಅವಳ ಕೈ ಇಳಿಯುತ್ತಿತ್ತು. ಇಳಿದು ಪಕ್ಕದಲ್ಲಿ ಒಂದು ಮಗುವಿನ ತಲೆಯಷ್ಟು ಎತ್ತರದಲ್ಲಿ ತುಸು ಹೊತ್ತು ನಿಂತಿತು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ತೊಡೆಯ ಬದಿಗೆ ಬಂತು.

ಯಾರೋ ಅತ್ತರು. ಮರುಕ್ಷಣ ಎಲ್ಲರೂ ನನ್ನ ಕಡೆ ತಿರುಗಿದರು. ನನ್ನದು ಮೇಲೆಯೇ ಇತ್ತು.

"ಅಧ್ಯಕ್ಷರದು ಇಳಿದಿಲ್ಲ. ಎಲ್ಲೋ ಏನೋ ಉಳದೈತಿ!" ಎಂದ ದಾವಲಸಾಬ ಗಾಬರಿಯಿಂದ. ಅವನ ಹಿಂದೆ ಅರ್ಧ ಊರು ಆ ಕೋಣೆಗೆ ನುಗ್ಗಿತು. ಗೋಡೆಗಳನ್ನು ಗುದ್ದಿ ನೋಡಿದರು, ಕಿಟಕಿಯ ಚಿಲಕ ಎಳೆದರು, ಮುದಕಪ್ಪ ಮಾಳಿಗೆ ಹತ್ತಿ ಕುಣಿದು ನೋಡಿದ. ಅರವತ್ತು ದಾಟಿದ ದಾವಲಸಾಬ ಮಂಡಿಯೂರಿ ನೆಲದ ಬಿರುಕು ಹುಡುಕಿದ. ಒಂಬತ್ತು ವರ್ಷ ಹೊತ್ತ ಕೈ ಸುಳ್ಳಾಡುವುದಿಲ್ಲ ಎಂದು ಅವರಿಗೆ ನನ್ನ ಮೇಲೆ ಅಷ್ಟು ನಂಬಿಕೆ. ನಾನು ಶಾಲೆಯ ಗಂಟೆಗೆ ಕೊಕ್ಕೆ ಹಾಕುವುದು ಉಳಿದಿದೆ ಎಂದು ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ.

ಅಷ್ಟರಲ್ಲಿ ಹುಲಿಗೆಮ್ಮ ವೇದಿಕೆಗೆ ಬಂದಳು. "ಪಾಪ, ನಿಮ್ಮದು ಇನ್ನೂ ಹಂಗ ನಿಂತೈತಿ. ನನಗ ಗೊತ್ತೈತ್ರಿ ಆ ಜೋಮು. ತಿಕ್ಕತೇನಿ ತಡೀರಿ," ಎಂದು ತನ್ನ ಆ ಕೈಯನ್ನೇ ಚಾಚಿ ನನ್ನ ಮಣಿಕಟ್ಟು ಹಿಡಿದಳು. ಅವಳ ಬೆರಳುಗಳು ಮಡಕೆಯ ನೀರಿನಂತೆ ತಣ್ಣಗಿದ್ದವು. ಹಿಡಿದವಳು ಹಾಗೇ ನಿಂತಳು.

"ಅಧ್ಯಕ್ಷರ, ನಿಮ್ಮ ಕೈ ಬೆಚ್ಚಗೈತಿ," ಎಂದಳು.

ಮೆಲ್ಲಗೇ ಅಂದಳು. ಆದರೆ ನನ್ನ ಎಡಗೈಯ ಮೈಕು ಅವಳ ಬಾಯಿಯ ಹತ್ತಿರವೇ ಇತ್ತು. ನಾಲ್ಕೂ ಹಾರ್ನು ಅದನ್ನು ಕೂಗಿದವು. ಕೋಣೆಯೊಳಗೆ ಗೋಡೆ ಗುದ್ದುವ ಸದ್ದು ನಿಂತಿತು. ಅವಳು ಎಳೆಯಲಿಲ್ಲ, ತನ್ನ ಕೈ ಕೆಳಗಿಳಿಸಿದಳು. ಅದರ ಜೊತೆ ನನ್ನದೂ ಇಳಿಯಿತು, ಮಗುವಿನ ಕೈಯಷ್ಟು ಸಲೀಸಾಗಿ.

ದಾವಲಸಾಬ ಬಾಗಿಲಿಗೆ ಬಂದು ನಿಂತಿದ್ದ, ಮಂಡಿಗೆ ಸಿಮೆಂಟು ಮೆತ್ತಿತ್ತು. "ಏನಾಗಿತ್ತು ಅವತ್ತ?" ಎಂದ.

ಈಗ ಹೇಳುತ್ತೇನೆ. ಹಿಂದೆ ಹೇಳಿದ್ದರಲ್ಲಿ ಗುಬ್ಬಿ, ಸಿಡಿಲು, ದಿಲ್ಲಿ ಸುಳ್ಳೆಂದು ನಿಮಗೆ ಆಗಲೇ ಗೊತ್ತಾಗಿರುತ್ತದೆ. ಇದು ಗೊತ್ತಿರಲಿಕ್ಕಿಲ್ಲ. ಮೊದಲು ಎತ್ತಿದವಳು ಹುಲಿಗೆಮ್ಮ. ಎತ್ತಿ, ನನ್ನ ಮುಖ ನೋಡಿದಳು. ಉಳಿದ ಮೂವರ ಕೈಗಳು ತೊಡೆಯ ಕೆಳಗಿನಿಂದ ಹೊರಬಂದಿದ್ದವು. ದಾವಲಸಾಬನದು ಎದೆಯವರೆಗೆ ಬಂದಿತ್ತು. ನಾನು ಕೆಮ್ಮಿದ ಹಾಗೆ ಮಾಡಿ, ಮುಷ್ಟಿಯೊಳಗೆ, "ಸಭೆ ಮುಗೀತು," ಎಂದೆ. ಆಮೇಲೆ ಎಲ್ಲರಿಗೂ ಕಾಣುವ ಹಾಗೆ ಕೈ ಎತ್ತಿದೆ. ಅವರು ಎತ್ತಿದ್ದು ನಿಜವಾಗಿಯೇ. ಅಷ್ಟರಲ್ಲಿ ಸಭೆ ಇರಲಿಲ್ಲ.

"ಯಾಕ್ರಿ?" ಎಂದಳು ಹುಲಿಗೆಮ್ಮ.

ಮರುದಿನ ಬೇರೆ ಊರಿನಲ್ಲಿ ಮದುವೆಯಿತ್ತು. ಕಂಬ ಹತ್ತಿ ಹಾರ್ನು ಕಟ್ಟಬೇಕಿತ್ತು. ಅದಕ್ಕೆ ಎರಡು ಕೈ ಬೇಕು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ. ಜೀವನದಲ್ಲಿ ಮೊದಲ ಸಲ ನನಗೆ ಯಾವುದೂ ಸಿಗಲಿಲ್ಲ. ಆಮೇಲೆ ಮದುವೆ ಮುಗಿದಿತ್ತು, ಆದರೆ ಕೈ ಇಳಿಸಿದರೆ ಗೊತ್ತಾಗುತ್ತಿತ್ತು. ಊರೊಳಗೆ ಎತ್ತಿಕೊಂಡಿದ್ದೆ. ಮನೆಯ ಬಾಗಿಲು ಹಾಕಿ ಇಳಿಸುತ್ತಿದ್ದೆ. ಅದನ್ನು ನೋಡಿಯೇ ಜನ ಮಕ್ಕಳನ್ನು ಆ ಕೋಣೆಗೆ ಕಳಿಸಿದರು.

"ಹಂಗಾರ ನಂದು ಎದ್ದಿತ್ತು," ಎಂದ ದಾವಲಸಾಬ. ನನ್ನನ್ನಲ್ಲ, ತನ್ನ ಕೈಯನ್ನು ನೋಡುತ್ತ. "ನಂದು ಖರೇನ ಎದ್ದಿತ್ತು." ಅವನು ಅಲ್ಲೇ ಹೊಸ್ತಿಲ ಮೇಲೆ ಕೂತ. ನನ್ನನ್ನು ಹೊಡೆಯಲು ಯಾರೂ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಹುಲಿಗೆಮ್ಮ ನನ್ನ ಕೈ ಬಿಟ್ಟು, ಸೆರಗಿಗೆ ತನ್ನ ಕೈ ಒರೆಸಿಕೊಂಡು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಓಣಿಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಎರಡೂ ಕೈ ಅವಳವೇ, ತಾಳ ಮಾತ್ರ ಕೂಡುತ್ತಿರಲಿಲ್ಲ.

ನಾನು ಯಾವ ಆಕಾಶವನ್ನೂ ಹಿಡಿದಿರಲಿಲ್ಲ. ಹುಲಿಗೆಮ್ಮನ ಕೈ ಮೇಲೆದ್ದಾಗ ನನ್ನ ಕೈ ತೊಡೆಯ ಕೆಳಗಿತ್ತು. ಬೆಚ್ಚಗಿತ್ತು.